ಮೇಲಿನ ಹತ್ತು ಮೀಟರ್: ಸ್ಕೂಬಾ ಕಲಿತ ನನ್ನ ಅನುಭವ

ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕಿಳಿದು ಬಂದ ಮರುವಾರ ಕಾಲೇಜಿನ ಸಿಬ್ಬಂದಿ ಕೊಠಡಿಯಲ್ಲಿ ಎಲ್ಲರೂ ಕೇಳಿದ ಮೊದಲ ಪ್ರಶ್ನೆ ಒಂದೇ: "ಎಷ್ಟು ಆಳಕ್ಕೆ ಹೋಗಿದ್ದಿರಿ?" ಹನ್ನೆರಡು ಮೀಟರ್ ಎಂದೆ. ಕೇಳಿದವರಿಗೆ ಅದು ತೀರಾ ಕಡಿಮೆ ಎನಿಸಿತು. ಮುರುಡೇಶ್ವರದ ಶಿವನ ಪ್ರತಿಮೆ 123 ಅಡಿ, ಅಂದರೆ ಸುಮಾರು 37 ಮೀಟರ್. ಹವ್ಯಾಸಕ್ಕೆ ಇಳಿಯುವವರ ಕೊನೆಯ ಗಡಿ 40 ಮೀಟರ್. ಆ ಪ್ರತಿಮೆಯನ್ನು ನೀರಿನಲ್ಲಿ ನಿಲ್ಲಿಸಿದರೆ ತಲೆ ಮುಳುಗಿ ಸ್ವಲ್ಪ ಉಳಿಯುವಷ್ಟು. ಮೊದಲ ಹಂತದ ಪ್ರಮಾಣಪತ್ರ ಪಡೆದವರಿಗೆ 18 ಮೀಟರ್, ಪ್ರತಿಮೆಯ ಅರ್ಧ. ನಾನು ಹೋದದ್ದು ಮೂರನೆಯ ಒಂದು ಪಾಲು.

ಆದರೆ ಆ ಪ್ರಶ್ನೆಯೇ ಹೊಸಬರ ಗಮನವನ್ನು ತಪ್ಪು ಜಾಗಕ್ಕೆ ಒಯ್ಯುತ್ತದೆ ಎಂದು ನನಗೆ ಈಗ ಖಚಿತವಾಗಿದೆ. ಸಮುದ್ರದ ಮಟ್ಟದಲ್ಲಿ ನಮ್ಮ ಮೇಲೆ ಒಂದು ವಾತಾವರಣದಷ್ಟು ಒತ್ತಡವಿದೆ. ಪ್ರತಿ ಹತ್ತು ಮೀಟರಿಗೆ ಇನ್ನೊಂದು ಸೇರುತ್ತದೆ. ಹತ್ತು ಮೀಟರ್ ಇಳಿದಾಗ ಒಂದು ಇದ್ದದ್ದು ಎರಡಾಗುತ್ತದೆ, ಅಂದರೆ ದುಪ್ಪಟ್ಟು. ಇಪ್ಪತ್ತರಿಂದ ಮೂವತ್ತಕ್ಕೆ ಇಳಿದರೆ ಮೂರು ಇದ್ದದ್ದು ನಾಲ್ಕಾಗುತ್ತದೆ, ಮೂರನೆಯ ಒಂದು ಪಾಲಿನ ಏರಿಕೆ ಮಾತ್ರ. ಗಾಳಿ ಅತಿ ಹೆಚ್ಚು ಕುಗ್ಗುವುದೂ ಹಿಗ್ಗುವುದೂ ಮೇಲಿನ ಹತ್ತು ಮೀಟರಿನಲ್ಲಿಯೇ. ಕಿವಿ, ಶ್ವಾಸಕೋಶ, ತೇಲಲು ಗಾಳಿ ತುಂಬುವ ಜಾಕೆಟ್ಟು, ಮೈಗೆ ತೊಡುವ ವೆಟ್‌ಸೂಟು ಎಲ್ಲವೂ ಹೊಸಬರನ್ನು ಪರೀಕ್ಷಿಸುವುದು ಅಲ್ಲಿ.

ನಾನು ಶಿರಸಿಯಲ್ಲಿ ಪದವಿಪೂರ್ವ ತರಗತಿಗಳಿಗೆ ಭೌತಶಾಸ್ತ್ರ ಕಲಿಸುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಕರಾವಳಿಯ ಮೀನುಗಾರ ಕುಟುಂಬದ ಹುಡುಗ, ಈಗ ನೇತ್ರಾಣಿಯಲ್ಲಿ ಪ್ರವಾಸಿಗರನ್ನು ನೀರಿಗಿಳಿಸುವ ತರಬೇತುದಾರ. ಒಂದು ಡಿಸೆಂಬರಿನಲ್ಲಿ ಮನೆಗೆ ಬಂದವನು, "ಮೇಡಂ, ನೀವು ಬೋರ್ಡಿನ ಮೇಲೆ ಬರೆಸಿದ ಬಾಯ್ಲ್ ನಿಯಮವೇ ನನಗೆ ದಿನದ ಕೆಲಸ. ಒಮ್ಮೆ ಬಂದು ನೋಡಿ" ಎಂದ. ಒತ್ತಡ ದುಪ್ಪಟ್ಟಾದರೆ ಗಾಳಿಯ ಗಾತ್ರ ಅರ್ಧವಾಗುತ್ತದೆ ಎನ್ನುವ ನಿಯಮ ಅದು. ನನಗೆ ಆಗ 41. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಸಮುದ್ರದೊಳಗಿರುವ ಆ ಗುಡ್ಡದಂಥ ದ್ವೀಪಕ್ಕೆ ಬೋಟಿನಲ್ಲಿ ಗಂಟೆಗೂ ಮೇಲೆ ಹಿಡಿಯುತ್ತದೆ. ಮಳೆಗಾಲದಲ್ಲಿ ಹೋಗುವಂತಿಲ್ಲ. ಅಲ್ಲಿ ರುಚಿ ಹತ್ತಿದ ಮೇಲೆ ಏಪ್ರಿಲ್ ರಜೆಯಲ್ಲಿ ಅಂಡಮಾನಿನ ಸ್ವರಾಜ್ ದ್ವೀಪಕ್ಕೆ ಹೋಗಿ ನಾಲ್ಕು ದಿನದ ತರಬೇತಿ ಮುಗಿಸಿದೆ.

ನೀರಿಗಿಂತ ಮೊದಲು ಎದುರಾದದ್ದು ವೈದ್ಯಕೀಯ ಪ್ರಶ್ನಾವಳಿ. ಚಿಕ್ಕಂದಿನಲ್ಲಿ ನನಗೆ ದಮ್ಮು ಇತ್ತು. ಹದಿನಾಲ್ಕರ ನಂತರ ಕಾಣಿಸಿಕೊಂಡಿರಲಿಲ್ಲ. "ಇಲ್ಲ" ಎಂದು ಬರೆದು ಮುಗಿಸಬಹುದಿತ್ತು. ನಾನು "ಹೌದು" ಎಂದು ಬರೆದೆ, ಹುಬ್ಬಳ್ಳಿಗೆ ಹೋಗಿ ಶ್ವಾಸಕೋಶದ ಪರೀಕ್ಷೆ ಮಾಡಿಸಿ ವೈದ್ಯರ ಒಪ್ಪಿಗೆ ಪತ್ರ ತಂದೆ. ದಮ್ಮಿನಲ್ಲಿ ಉಸಿರಿನ ಕೊಳವೆ ಕಿರಿದಾಗಿ ಗಾಳಿ ಒಳಗೆ ಸಿಕ್ಕಿಕೊಳ್ಳುತ್ತದೆ. ನೆಲದ ಮೇಲೆ ಅದು ಉಬ್ಬಸ. ನೀರಿನಿಂದ ಏರುವಾಗ ಆ ಸಿಕ್ಕಿಕೊಂಡ ಗಾಳಿ ಹಿಗ್ಗುತ್ತದೆ, ಹೊರಗೆ ಬರಲು ದಾರಿಯಿರುವುದಿಲ್ಲ. ಹೃದಯದ ತೊಂದರೆ, ಮೂರ್ಛೆರೋಗ, ಗರ್ಭಾವಸ್ಥೆ ಇದ್ದರೂ ಆ ಕಾಗದ ಪ್ರಾಮಾಣಿಕವಾಗಿರಬೇಕು. ನನ್ನ ಪರಿಚಯದ ದಂಪತಿಯನ್ನು ಒಂದು ಕಡೆ ಯಾವ ಪ್ರಶ್ನೆಯನ್ನೂ ಕೇಳದೆ, ಬೋಟಿನಲ್ಲಿ ಒಂದು ಸಹಿ ಹಾಕಿಸಿಕೊಂಡು ನೀರಿಗಿಳಿಸಿದರು. ಕೇಳಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಪ್ರಶ್ನೆ ಕೇಳದವರ ಜೊತೆ ಇಳಿಯಬೇಡಿ.

ಈಜು ಬರಬೇಕೇ? ತರಬೇತುದಾರ ಕೈಹಿಡಿದು ಕರೆದೊಯ್ಯುವ ಮೊದಲ ಅನುಭವಕ್ಕೆ ಬೇಕಿಲ್ಲ. ಪ್ರಮಾಣಪತ್ರದ ತರಬೇತಿಗೆ ಬೇಕು: ನಾನು 200 ಮೀಟರ್ ಈಜಿ, ಹತ್ತು ನಿಮಿಷ ತೇಲಿ ತೋರಿಸಬೇಕಾಯಿತು. ವೇಗವನ್ನು ಯಾರೂ ಅಳೆಯಲಿಲ್ಲ. ತೋಟದ ಕೆರೆಯಲ್ಲಿ ಕಲಿತ ಈಜು ಸಾಕಾಯಿತು. ಕನ್ನಡಕ ಹಾಕುವವರಿಗೆ ಅವರ ಪವರಿನ ಗಾಜಿರುವ ಮಾಸ್ಕ್ ಸಿಗುತ್ತದೆ, ಮೊದಲೇ ವಿಚಾರಿಸಿ.

"ಬೆನ್ನ ಮೇಲೆ ಆಮ್ಲಜನಕ ಹೊತ್ತು ಹೋಗುತ್ತೀರಲ್ಲ" ಎನ್ನುವ ಮಾತನ್ನು ಎಷ್ಟು ಸಲ ತಿದ್ದಿದ್ದೇನೋ. ಸಿಲಿಂಡರಿನಲ್ಲಿರುವುದು ನಾವು ಈಗ ಉಸಿರಾಡುತ್ತಿರುವ ಗಾಳಿಯೇ, ಸೋಸಿ ಒಣಗಿಸಿ ಒತ್ತಿ ತುಂಬಿದ್ದು. ಶುದ್ಧ ಆಮ್ಲಜನಕ ಸುಮಾರು ಆರು ಮೀಟರಿಗಿಂತ ಕೆಳಗೆ ವಿಷವಾಗಿ ವರ್ತಿಸಬಲ್ಲದು, ಸೆಳವು ತರಿಸಬಲ್ಲದು. ಸಾಮಾನ್ಯವಾಗಿ ಕೊಡುವ ಅಲ್ಯೂಮಿನಿಯಂ ಸಿಲಿಂಡರಿನ ಒಳಗಾತ್ರ 11 ಲೀಟರಿನಷ್ಟು. 200 ಬಾರ್ ಒತ್ತಡದಲ್ಲಿ (ಒಂದು ಬಾರ್ ಎಂದರೆ ಸುಮಾರು ಒಂದು ವಾತಾವರಣದಷ್ಟು) ತುಂಬಿದರೆ ಸುಮಾರು 2,200 ಲೀಟರ್ ಗಾಳಿ ಹಿಡಿಯುತ್ತದೆ. ಅಷ್ಟು ಒತ್ತಡದ ಗಾಳಿಯನ್ನು ರೆಗ್ಯುಲೇಟರ್ ಎರಡು ಹಂತಗಳಲ್ಲಿ ಇಳಿಸಿ, ಆ ಕ್ಷಣ ನಮ್ಮ ಸುತ್ತ ನೀರಿನ ಒತ್ತಡ ಎಷ್ಟಿದೆಯೋ ಅಷ್ಟಕ್ಕೆ ತಂದು ಬಾಯಿಗೆ ಕೊಡುತ್ತದೆ. 1943ರಲ್ಲಿ ಫ್ರಾನ್ಸಿನಲ್ಲಿ ನೌಕಾಧಿಕಾರಿ ಕೂಸ್ತೊ ಮತ್ತು ಎಂಜಿನಿಯರ್ ಗಾನ್ಯಾನ್ ರೂಪಿಸಿದ ಸಾಧನದ ಮುಖ್ಯ ಗುಣ ಇದೇ: ಉಸಿರೆಳೆದಾಗ, ಬೇಕಾದಷ್ಟು, ಬೇಕಾದ ಒತ್ತಡದಲ್ಲಿ.

ಅದರಿಂದಲೇ "ಎಷ್ಟು ಹೊತ್ತು ಇರಬಹುದು?" ಎಂಬ ಪ್ರಶ್ನೆಗೆ ನಿಮಿಷಗಳಲ್ಲಿ ಒಂದೇ ಉತ್ತರವಿಲ್ಲ. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು ಹತ್ತು ಮೀಟರಿನಲ್ಲಿ ಸಿಲಿಂಡರಿನಿಂದ 40 ಲೀಟರಿನಷ್ಟು ಖರ್ಚು ಮಾಡುತ್ತಾರೆ. ಕೊನೆಯ 50 ಬಾರ್ ಮುಟ್ಟದೆ ಉಳಿಸಿಕೊಳ್ಳಬೇಕು. ಆ ಲೆಕ್ಕದಲ್ಲಿ ಹತ್ತು ಮೀಟರಿನಲ್ಲಿ ನಲವತ್ತು ನಿಮಿಷ, 18 ಮೀಟರಿನಲ್ಲಿ ಅರ್ಧ ಗಂಟೆ. ಗಾಬರಿಯಾದವರಿಗೆ ಇದರ ಅರ್ಧವೂ ಸಿಗುವುದಿಲ್ಲ. ಮೊದಲ ದಿನ, ಉಳಿದ ಗಾಳಿ ಎಷ್ಟೆಂದು ತೋರಿಸುವ ನನ್ನ ಗೇಜಿನ ಮುಳ್ಳು ತರಬೇತುದಾರರ ಮುಳ್ಳಿಗಿಂತ ಎರಡರಷ್ಟು ವೇಗವಾಗಿ ಇಳಿಯಿತು. ನಾಲ್ಕನೆಯ ದಿನದ ಹೊತ್ತಿಗೆ, ಉಸಿರನ್ನು ನಿಧಾನವಾಗಿ, ಪೂರ್ತಿಯಾಗಿ ಬಿಡುವುದು ಅಭ್ಯಾಸವಾದ ಮೇಲೆ, ಆ ಅಂತರ ಬಹಳ ಕಡಿಮೆಯಾಯಿತು.

ಈಗ ಕಿವಿ. ನಾನು ಅತಿ ಹೆಚ್ಚು ಮಾತಾಡಬೇಕೆನ್ನುವುದು ಇದರ ಬಗ್ಗೆಯೇ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟೆಗೆ ಬಸ್ಸಿನಲ್ಲಿ ಹೋದವರಿಗೆಲ್ಲ ಕಿವಿ ಕಟ್ಟಿಕೊಳ್ಳುವುದು ಗೊತ್ತು. ಉಗುಳು ನುಂಗಿದರೆ ಬಿಡುತ್ತದೆ. ಸುಮಾರು ಆರುನೂರು ಮೀಟರ್ ಎತ್ತರವನ್ನು ಒಂದು ಗಂಟೆಗೂ ಹೆಚ್ಚು ಕಾಲ ಇಳಿದಾಗ ಆಗುವ ಒತ್ತಡದ ಬದಲಾವಣೆ, ಸಮುದ್ರದಲ್ಲಿ ಕೇವಲ ಎಪ್ಪತ್ತು ಸೆಂಟಿಮೀಟರ್ ಇಳಿದರೆ ಆಗುತ್ತದೆ. ತಲೆ ಮುಳುಗಿ ಎರಡು ಸೆಕೆಂಡಿನಲ್ಲಿ ಇಡೀ ಘಟ್ಟ ಇಳಿದಂತೆ. ಅದಕ್ಕಾಗಿ ನೋವು ಬರುವ ಮೊದಲೇ ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಗಾಳಿಯನ್ನು ಕಿವಿಯ ಕಡೆ ಒತ್ತಬೇಕು. ಮೊದಲ ಮೀಟರಿನಲ್ಲಿ ಎರಡು ಸಲ, ಆಮೇಲೆ ಮೀಟರಿಗೊಮ್ಮೆಯಾದರೂ. ಕಾಲು ಕೆಳಗೆ ಮಾಡಿ ಹಗ್ಗ ಹಿಡಿದು ಇಳಿದರೆ ಸುಲಭ.

ಅಂಡಮಾನಿನಲ್ಲಿ ಒಂದು ದಿನ ನನಗೆ ನೆಗಡಿ ಹಿಡಿಯಿತು. ಹಣ ಕಟ್ಟಿದ್ದೇನೆ, ರಜೆ ಮುಗಿಯುತ್ತಿದೆ ಎಂದು ಯಾರಿಗೂ ಹೇಳದೆ ನೀರಿಗಿಳಿದೆ. ಎರಡು ಮೀಟರಿನಲ್ಲಿ ಎಡಗಿವಿಯೊಳಗೆ ಸೂಜಿ ಚುಚ್ಚಿದಂತಾಯಿತು. ಮೂಗು ಹಿಡಿದು ಜೋರಾಗಿ ಒತ್ತಿದೆ, ಇನ್ನೂ ಜೋರಾಗಿ. ತರಬೇತುದಾರರು ನನ್ನ ಕೈ ಹಿಡಿದು ತಡೆದು ಮೇಲಕ್ಕೆ ಕರೆತಂದರು. ಎರಡು ದಿನ ಆ ಕಿವಿಗೆ ಮಾತು ಹತ್ತಿ ತುರುಕಿದ ಹಾಗೆ ಕೇಳಿಸುತ್ತಿತ್ತು. ತಮಟೆ ಹರಿಯದೆ ಉಳಿದದ್ದು ಅವರ ಎಚ್ಚರದಿಂದ. ಸರಿಯಾದ ಕ್ರಮ ಇಷ್ಟೇ: ಕಿವಿ ಬಿಡದಿದ್ದರೆ ಒಂದು ಮೀಟರ್ ಮೇಲೇರಿ ಮತ್ತೆ ಪ್ರಯತ್ನಿಸುವುದು, ಆಗಲೂ ಬಿಡದಿದ್ದರೆ ಅಂದಿನ ಡೈವ್ ಕೈಬಿಡುವುದು. ಮಾತ್ರೆ ನುಂಗಿ ಇಳಿಯುವವರೂ ಇದ್ದಾರೆ. ಅದರ ಪರಿಣಾಮ ನೀರಿನಡಿಯಲ್ಲೇ ಮುಗಿದರೆ ಕಿವಿಯೊಳಗಿನ ಗಾಳಿ ಏರುವಾಗ ಹೊರಬರದೆ ಸಿಕ್ಕಿಕೊಳ್ಳುತ್ತದೆ. ನಾನು ಒಪ್ಪುವುದಿಲ್ಲ.

ಕಿವಿಯ ನೋವು ಎಚ್ಚರಿಸುತ್ತದೆ, ಶ್ವಾಸಕೋಶ ಎಚ್ಚರಿಸುವುದಿಲ್ಲ. ಹತ್ತು ಮೀಟರಿನಲ್ಲಿ ಐದು ಲೀಟರ್ ಗಾಳಿ ಎಳೆದುಕೊಂಡು ಉಸಿರು ಹಿಡಿದು ಮೇಲೆ ಬಂದರೆ ಅದು ಹತ್ತು ಲೀಟರ್ ಆಗಲು ನೋಡುತ್ತದೆ. ಎದೆಗೂಡಿನಲ್ಲಿ ಅಷ್ಟು ಜಾಗವಿಲ್ಲ. ಪೂರ್ತಿ ತುಂಬಿದ ಶ್ವಾಸಕೋಶದೊಡನೆ ಉಸಿರು ಹಿಡಿದು ಒಂದೂವರೆ ಮೀಟರ್ ಏರಿದರೂ ಅಪಾಯವಾಗಬಹುದು: ಶ್ವಾಸಕೋಶ ಹರಿದು, ಗಾಳಿಯ ಗುಳ್ಳೆ ರಕ್ತಕ್ಕೆ ಸೇರಿ ಮಿದುಳನ್ನು ಮುಟ್ಟಬಹುದು. ಒಂದೂವರೆ ಮೀಟರ್ ಎಂದರೆ ಈಜುಕೊಳದ ಆಳ! ನಮ್ಮ ಗಣಿತದ ಮೇಷ್ಟರು ಒಳ್ಳೆಯ ಪ್ರಶ್ನೆ ಕೇಳಿದರು: "ಕರಾವಳಿಯಲ್ಲಿ ಬಂಡೆಗೆ ಅಂಟಿದ ಚಿಪ್ಪು ಕೀಳುವವರು ಉಸಿರು ಹಿಡಿದೇ ಮುಳುಗುತ್ತಾರಲ್ಲ, ಅವರಿಗೇನೂ ಆಗುವುದಿಲ್ಲವಲ್ಲ?" ಅವರು ಗಾಳಿ ಎಳೆದುಕೊಂಡದ್ದು ದಡದಲ್ಲಿ. ಕೆಳಗೆ ಅದು ಕುಗ್ಗುತ್ತದೆ, ಮೇಲೆ ಬಂದಾಗ ಮೊದಲಿನ ಗಾತ್ರಕ್ಕೆ ಮರಳುತ್ತದೆ, ಅಷ್ಟೆ. ನಾವು ಕೆಳಗೆ, ಒತ್ತಡದಲ್ಲಿ, ಹೊಸದಾಗಿ ತುಂಬಿಕೊಳ್ಳುತ್ತೇವೆ. ಆದ್ದರಿಂದ ರೆಗ್ಯುಲೇಟರ್ ಬಾಯಿಂದ ಜಾರಿದಾಗಲೂ ತುಟಿಯ ನಡುವೆ ಸಣ್ಣ ಗುಳ್ಳೆಗಳನ್ನು ಬಿಡುತ್ತಲೇ ಇರಬೇಕು. ಇದನ್ನು ನಾನು ಊಟದ ಮೇಜಿನಲ್ಲಿ, ಬಸ್ಸಿನಲ್ಲಿ ಕೂಡ ಅಭ್ಯಾಸ ಮಾಡಿದೆ.

ತೂಕದ ವಿಷಯ ನನಗೆ ತುಂಬ ಇಷ್ಟ. ಮುಳುಗಲೆಂದು ಕಟ್ಟಿಕೊಳ್ಳುವ ಸೀಸದ ತೂಕ ಕೊಳದಲ್ಲಿ ಸರಿಹೊಂದಿದ್ದು ಸಮುದ್ರದಲ್ಲಿ ಸಾಲಲಿಲ್ಲ. ಉಪ್ಪುನೀರಿನ ಸಾಂದ್ರತೆ ಸುಮಾರು ಎರಡೂವರೆ ಶೇಕಡಾ ಹೆಚ್ಚು, ಅದರಿಂದ ನನಗೆ ಎರಡು ಕಿಲೋದಷ್ಟು ಸೇರಿಸಬೇಕಾಯಿತು. ಅದಕ್ಕಿಂತ ಮುಖ್ಯ ಸಂಗತಿ: ಗಾಳಿಗೂ ತೂಕವಿದೆ. ಡೈವ್ ಮುಗಿಯುವ ಹೊತ್ತಿಗೆ ಸಿಲಿಂಡರ್ ಎರಡು ಕಿಲೋ ಹಗುರವಾಗಿರುತ್ತದೆ. ಕೆಳಗೆ ಕುಗ್ಗಿದ್ದ ವೆಟ್‌ಸೂಟ್ ಮೇಲೇರುವಾಗ ಮತ್ತೆ ಉಬ್ಬುತ್ತದೆ. ಜಾಕೆಟ್ಟಿನಲ್ಲಿ ಉಳಿದ ಗಾಳಿಯೂ ಹಿಗ್ಗುತ್ತದೆ. ಅಂದರೆ ಅತ್ಯಂತ ನಿಧಾನವಾಗಿ ಏರಬೇಕಾದ ಕೊನೆಯ ಐದು ಮೀಟರಿನಲ್ಲಿಯೇ ಎಲ್ಲವೂ ಸೇರಿ ನಮ್ಮನ್ನು ಮೇಲಕ್ಕೆ ಎಳೆಯುತ್ತವೆ. ಮೇಲೇರಲು ಜಾಕೆಟ್ಟಿಗೆ ಗಾಳಿ ತುಂಬುವುದು ಹೊಸಬರಿಗೆ ಸಹಜವಾಗಿ ತೋಚುವ ಉಪಾಯ. ಮಾಡಬೇಕಾದದ್ದು ಅದರ ವಿರುದ್ಧ: ಕಾಲಿನಿಂದ ಮೆಲ್ಲಗೆ ಈಜುತ್ತ, ಜಾಕೆಟ್ಟಿನ ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಹೊರಬಿಡುತ್ತ, ನಿಮಿಷಕ್ಕೆ ಒಂಬತ್ತು ಮೀಟರ್ ಮೀರದಂತೆ ಏರುವುದು.

ನಿಧಾನಕ್ಕೆ ಇನ್ನೊಂದು ಕಾರಣ ನೈಟ್ರೋಜನ್. ಒತ್ತಡದಲ್ಲಿ ಅದು ರಕ್ತದಲ್ಲಿ, ಕೊಬ್ಬಿನಲ್ಲಿ ಕರಗುತ್ತದೆ. ಗೋಲಿ ಸೋಡಾದ ಗೋಲಿ ಒತ್ತಿದಾಗ ನೊರೆ ಬರುವಂತೆ, ಒತ್ತಡ ಥಟ್ಟನೆ ಇಳಿದರೆ ಮೈಯೊಳಗೆ ಗುಳ್ಳೆಗಳಾಗುತ್ತವೆ. ಕೀಲುನೋವು, ಜೋಮು, ಕೆಲವೊಮ್ಮೆ ಪಾರ್ಶ್ವವಾಯು. ಬೋಟಿನಲ್ಲಿ ತುರ್ತಿಗೆ ಶುದ್ಧ ಆಮ್ಲಜನಕ ಇದೆಯೇ ಎಂದು ಕೇಳಬೇಕಾದದ್ದು ಇದಕ್ಕಾಗಿಯೇ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇನ್ನೂ ಇಳಿಯುವುದರಿಂದ, ವಿಮಾನ ಹತ್ತುವ ಮುನ್ನ ಒಂದೇ ಡೈವ್ ಆಗಿದ್ದರೆ 12 ಗಂಟೆ, ಹಲವು ಆಗಿದ್ದರೆ 18 ಗಂಟೆಯಾದರೂ ಕಾಯಬೇಕು. ಅಂಡಮಾನಿನಿಂದ ಹೊರಡುವಾಗ ನಾನು ಒಂದು ದಿನ ಪೂರ್ತಿ ನೀರಿಗಿಳಿಯದೆ ಇದ್ದೆ.

ನಮ್ಮ ಕಡೆಯವರು ಮರೆಯುವುದು ಘಟ್ಟವನ್ನು. ಮುರುಡೇಶ್ವರದಲ್ಲಿ ಡೈವ್ ಮುಗಿಸಿ ಅದೇ ಸಂಜೆ ಶಿರಸಿಗೆ ಬಂದರೆ ಆರುನೂರು ಮೀಟರ್, ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋದರೆ ಒಂಬೈನೂರು ಮೀಟರ್ ಏರಿದಂತೆ. ವಿಮಾನದಷ್ಟಲ್ಲ ನಿಜ, ಹನ್ನೆರಡು ಮೀಟರಿನ ಒಂದು ಚಿಕ್ಕ ಡೈವ್ ಆಗಿದ್ದರೆ ಅಪಾಯ ಬಹಳ ಕಡಿಮೆ. ಆದರೂ ಏರುವುದು ಏರುವುದೇ. ನಾನು ಪ್ರತಿ ಸಲ ರಾತ್ರಿ ಕರಾವಳಿಯಲ್ಲೇ ಉಳಿದು, ಮರುದಿನ ಮಧ್ಯಾಹ್ನ ಘಟ್ಟ ಹತ್ತುತ್ತೇನೆ.

ಶಾರ್ಕ್ ಕಚ್ಚುವುದಿಲ್ಲವೇ ಎಂದು ಅಮ್ಮ ಈಗಲೂ ಕೇಳುತ್ತಾರೆ. ನಾನು ನೇತ್ರಾಣಿಯಲ್ಲಿ ಕಂಡದ್ದು ಗಿಳಿಮೀನು, ಚಿಟ್ಟೆಮೀನುಗಳ ಹಿಂಡು. ಯಾವುದನ್ನೂ ಮುಟ್ಟದಿದ್ದರೆ ಸಾಕು. ಮಾಸ್ಕಿನೊಳಗೆ ನೀರು ಬಂದರೆ ಮೇಲಂಚು ಒತ್ತಿ ಹಿಡಿದು ಮೂಗಿನಿಂದ ಗಾಳಿ ಊದಿದರೆ ಖಾಲಿಯಾಗುತ್ತದೆ. ಗಾಳಿ ಮುಗಿದರೆ ಜೊತೆಗಾರನ ಹಳದಿ ಬಣ್ಣದ ಎರಡನೆಯ ರೆಗ್ಯುಲೇಟರ್ ಇದೆ, ಅದಕ್ಕಾಗಿಯೇ ಯಾರೂ ಒಬ್ಬರೇ ಇಳಿಯುವುದಿಲ್ಲ. ನೀರಿನಡಿ ಮಾತಿಲ್ಲ, ಕೈಸನ್ನೆ ಮಾತ್ರ: ಹೆಬ್ಬೆರಳು ಮೇಲೆ ಮಾಡಿದರೆ ಚೆನ್ನಾಗಿದೆ ಎಂದಲ್ಲ, ಮೇಲೆ ಹೋಗೋಣ ಎಂದು.

ಕಳೆದ ಜನವರಿಯಲ್ಲಿ ಆ ಹಳೆಯ ವಿದ್ಯಾರ್ಥಿಯ ಜೊತೆ ನೇತ್ರಾಣಿಯಲ್ಲಿ ಮತ್ತೆ ಇಳಿದೆ, ಈ ಸಲ 17 ಮೀಟರ್. ಕೈಗೆ ಕಟ್ಟಿಸಿಕೊಂಡಿದ್ದ ದೇವಸ್ಥಾನದ ಕೆಂಪು ದಾರ ಅಲ್ಲಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ನೀರು ಮೊದಲು ನುಂಗುವುದು ಕೆಂಪನ್ನೇ. ಬರುವಾಗ, ಕರಗಿದ ನೈಟ್ರೋಜನ್ ಮೆಲ್ಲಗೆ ಹೊರಹೋಗಲೆಂದು, ಐದು ಮೀಟರಿನಲ್ಲಿ ಹಗ್ಗ ಹಿಡಿದು ಮೂರು ನಿಮಿಷ ನಿಂತೆವು. ಹಗುರಾದ ಸಿಲಿಂಡರ್ ಬೆನ್ನನ್ನು ಮೇಲಕ್ಕೆ ಎಳೆಯುತ್ತಿತ್ತು. ಉಸಿರನ್ನು ಉದ್ದವಾಗಿ ಬಿಡುತ್ತ ಅಲ್ಲೇ ನಿಂತೆ. ದಾರ ಮೆಲ್ಲಗೆ ಕೆಂಪಾಗುತ್ತ ಬಂದಿತ್ತು. ಗಡಿಯಾರ ನೋಡಿ ಹುಡುಗ ಹೆಬ್ಬೆರಳು ಮೇಲೆ ಮಾಡಿದ. ಉಳಿದ ಐದು ಮೀಟರ್ ಏರಲು ನಾವು ಪೂರ್ತಿ ಒಂದು ನಿಮಿಷ ತೆಗೆದುಕೊಂಡೆವು.