ಅಡಿಕೆ ತೋಟಕ್ಕೆ ಖಾತರಿ ಕೆಲಸ, ಸೊಸೈಟಿ ಸಾಲ: ನನ್ನ ಅನುಭವ

ಕುಂದಾಪುರ ತಾಲ್ಲೂಕಿನ ನಮ್ಮ ಊರಿನಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಸುರಿದರೂ ಏಪ್ರಿಲ್ ಹೊತ್ತಿಗೆ ತೋಟದ ಬಾವಿಯ ತಳ ಕಾಣುತ್ತದೆ. ಇಳಿಜಾರಿನಲ್ಲಿ ಬಿದ್ದ ನೀರು ನಿಲ್ಲದೆ ತೋಡು ಹಿಡಿದು ಕಡಲು ಸೇರುವುದೇ ಇದಕ್ಕೆ ಕಾರಣ. ಸಾಲ ಮಾಡಿ ಕೊಳವೆಬಾವಿ ಕೊರೆಸುವ ಬದಲು, ಮೊದಲು ಉದ್ಯೋಗ ಖಾತರಿ ಯೋಜನೆಯಲ್ಲಿ ನೀರಿಂಗಿಸುವ ಕೆಲಸ ಮಾಡಿಸಿ, ಆಮೇಲೆ ಸಾಲದ ಮಾತಾಡುವುದೆಂದು ನಿರ್ಧರಿಸಿದೆ.

ಎರಡಕ್ಕೂ ಬೇಕಾದದ್ದು ನನ್ನ ಹೆಸರಿನ ಪಹಣಿ. 1974ರ ಭೂಸುಧಾರಣಾ ತಿದ್ದುಪಡಿಯ ಬಳಿಕ ಡಿಕ್ಲರೇಶನ್‌ನಲ್ಲಿ (ಗೇಣಿದಾರರು ಭೂಮಿಯ ಹಕ್ಕು ಕೋರಿ ಕೊಟ್ಟ ಅರ್ಜಿಯಲ್ಲಿ) ಬಂದ ನಮ್ಮ ಜಾಗ, ಕರಾವಳಿಯ ಎಷ್ಟೋ ಮನೆಗಳಲ್ಲಿರುವಂತೆ, ಅಜ್ಜನ ಹೆಸರಿನಲ್ಲೇ ಉಳಿದಿತ್ತು. ಪೌತಿ ಖಾತೆ (ತೀರಿಹೋದವರ ಹೆಸರಿನಿಂದ ವಾರಸುದಾರರಿಗೆ ಖಾತೆ ಬದಲಾವಣೆ), 11ಇ ನಕ್ಷೆ (ಪಾಲಾಗುವ ಜಾಗದ ಅಳತೆಯ ನಕ್ಷೆ), ವಿಭಾಗಪತ್ರದ ನೋಂದಣಿ, ಫ್ರೂಟ್ಸ್ ಸಂಖ್ಯೆ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಎಂದು ಒಂದರ ಹಿಂದೆ ಒಂದು ಮುಗಿಸುವಷ್ಟರಲ್ಲಿ ಒಂದು ಮಳೆಗಾಲ ಕಳೆದೇ ಹೋಯಿತು. ಇಂಗುಗುಂಡಿಗೆ ತಕ್ಕ ಜಾಗವಿದ್ದದ್ದು ಗುಡ್ಡದ ಮೇಲ್ಭಾಗದ ಕುಮ್ಕಿಯಲ್ಲಿ, ಅಂದರೆ ನಮ್ಮ ಜಾಗಕ್ಕೆ ತಾಗಿದ ಸರ್ಕಾರಿ ಭೂಮಿಯಲ್ಲಿ. ಸೊಪ್ಪು, ತರಗೆಲೆ ತರಲು ನಮಗೆ ಅಲ್ಲಿ ಹಕ್ಕಿದ್ದರೂ ಅದು ಸರ್ಕಾರಿ ಭೂಮಿಯಾದ್ದರಿಂದ ನನ್ನ ಹೆಸರಿನ ಕಾಮಗಾರಿ ಅಲ್ಲಿ ಸಲ್ಲುವಂತಿರಲಿಲ್ಲ, ಹಾಗಾಗಿ ನಮ್ಮ ಸ್ವಂತ ವರ್ಗ (ಪಟ್ಟಾ) ಜಾಗದ ಮೇಲಂಚಿನಲ್ಲೇ ಗುಂಡಿಗಳನ್ನು ತೆಗೆಸಿದೆವು.

ಗ್ರಾಮಸಭೆಯಲ್ಲಿ ಅರ್ಜಿ ಕೊಟ್ಟು ಪಂಚಾಯತ್ ಕ್ರಿಯಾಯೋಜನೆಯಲ್ಲಿ ಹೆಸರು ಸೇರಿದ ಮೇಲಷ್ಟೇ ಹಾರೆ ಹಿಡಿಯಬೇಕು. ಕೆಲಸಕ್ಕೆ ಮುನ್ನ, ನಡುವೆ ಮತ್ತು ಮುಗಿದ ಬಳಿಕ ಜಿಯೋ ಟ್ಯಾಗ್ ಮಾಡಿದ (ತೆಗೆದ ಸ್ಥಳ ನಮೂದಾಗಿರುವ) ಫೋಟೊ ದಾಖಲಾಗಬೇಕಾದ್ದರಿಂದ, ಮೊದಲೇ ತೋಡಿಟ್ಟ ಗುಂಡಿಗೆ ಬಿಲ್ ಆಗುವುದಿಲ್ಲ. ಜಾಬ್‌ಕಾರ್ಡ್ ಇದ್ದ ನಾವು ಮನೆಯವರೇ ದುಡಿದೆವು. ಕೂಲಿ ನೇರವಾಗಿ ಖಾತೆಗೆ ಬಂತು. ಬಾವಿಗೆ ಕಲ್ಲು ಕಟ್ಟಿಸಿದ ಸಾಮಗ್ರಿಯ ಹಣ ಮಾತ್ರ ಬಹಳ ತಡವಾಯಿತು. ಕೂಲಿ, ಸಾಮಗ್ರಿಗಳ 60:40 ಅನುಪಾತ ಪಾಲಿಸಬೇಕಾದ ಯೋಜನೆಯಲ್ಲಿ ಕಲ್ಲು, ಸಿಮೆಂಟ್ ಹೆಚ್ಚು ಬೇಡುವ ಕೆಲಸಕ್ಕೆ ಕೈಯಲ್ಲಿ ಸ್ವಲ್ಪ ದುಡ್ಡಿಟ್ಟುಕೊಂಡೇ ಇಳಿಯುವುದು ಲೇಸು.

ನೀರಿನ ಭರವಸೆ ಮೂಡಿದ ಮೇಲೆ ಊರಿನ ಕೃಷಿ ಸಹಕಾರಿ ಸೊಸೈಟಿಯಲ್ಲಿ ಬೆಳೆಸಾಲ ಪಡೆದೆ. 2023ರ ರಾಜ್ಯ ಬಜೆಟ್‌ನಲ್ಲಿ ಶೂನ್ಯ ಬಡ್ಡಿಯ ಬೆಳೆಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಗಿದ್ದರೂ, ಸಿಗುವ ಮೊತ್ತ ಬೆಳೆ ಮತ್ತು ವಿಸ್ತೀರ್ಣಕ್ಕೆ ತಕ್ಕಂತೆ ನಿಗದಿಯಾಗುತ್ತದೆ. ಗಡುವು ದಾಟಿದರೆ ಬಡ್ಡಿ ಬೀಳುವುದರಿಂದ, ಮರುಪಾವತಿಯ ದಿನ ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಿದ ನಂತರ ಬರುವಂತೆ ಹೊಂದಿಸಿಕೊಂಡು ಸಾಲ ಎತ್ತಿದೆ. ಗೊಬ್ಬರದ ಖರ್ಚು ಬಂದಾಗ ಎತ್ತಿ, ಗಡುವಿಗೆ ಕೈಸಾಲ ಮಾಡಿ ಕಟ್ಟುವ ನೆರೆಹೊರೆಯವರ ಪದ್ಧತಿ ನನಗೆ ಹಿಡಿಸಲಿಲ್ಲ. ಪಂಪ್ ಮತ್ತು ಸ್ಪ್ರಿಂಕ್ಲರ್ ಪೈಪಿಗೆ ಬೆಳೆಸಾಲದ ಹಣ ಮುಟ್ಟದೆ, ಶೇ. 3ರ ಬಡ್ಡಿಯ ಮಧ್ಯಮಾವಧಿ ಸಾಲವನ್ನು ಪ್ರತ್ಯೇಕವಾಗಿ ಪಡೆದೆ.

ಹವಾಮಾನ ಆಧಾರಿತ ವಿಮೆ 2020ರಿಂದ ಸಾಲಗಾರರಿಗೂ ಐಚ್ಛಿಕವಾಗಿದೆ. ರೈತರ ಪಾಲಿನ ಶೇ. 5ರ ಕಂತನ್ನು ಅಡಿಕೆಗೂ ಕಾಳುಮೆಣಸಿಗೂ ಕಟ್ಟುತ್ತಿದ್ದೇನೆ. ಬೆಳೆ ಸಮೀಕ್ಷೆಯಲ್ಲಿ, ವಿಮೆ ಮಾಡಿಸಿದ ಸರ್ವೆ ನಂಬರಿಗೆ ವಿಮೆ ಮಾಡಿಸಿದ ಬೆಳೆಯೇ ನಮೂದಾಗಿದೆಯೇ ಎಂದು ಪ್ರತಿ ವರ್ಷ ಆ್ಯಪ್‌ನಲ್ಲಿ ನೋಡಿಕೊಳ್ಳುತ್ತೇನೆ.