ಗ್ರನಾಡಾದಲ್ಲಿ ಎರಡು ರಾತ್ರಿ ರಾಜಭೋಗ: ಮೊದಲು ಟಿಕೆಟ್, ಮಿಕ್ಕಿದ್ದೆಲ್ಲ ಆಮೇಲೆ

ಮೊದಲ್ನೇ ಸಲ ಸ್ಪೇನಿನ ಗ್ರನಾಡಾಗೆ ಹೋದಾಗ ನಾವು ಫ್ಲೈಟ್ ಬುಕ್ ಮಾಡಿದ್ವಿ, ಒಳ್ಳೇ ಹೋಟ್ಲು ಬುಕ್ ಮಾಡಿದ್ವಿ, ನನ್ ಹೆಂಡ್ತಿ ಹೊಸ ಚಪ್ಪಲಿನೂ ತಗೊಂಡ್ಲು, ಹೊರಡೋಕೆ ನಾಲ್ಕು ದಿನ ಇದೆ ಅನ್ನುವಾಗ ಅಲ್ಲಿನ ಅಲ್ಹಾಂಬ್ರಾ ಕೋಟೆ ಟಿಕೆಟ್ ನೋಡೋಣ ಅಂತ ಕೂತ್ರೆ ಇಡೀ ವಾರಕ್ಕೆ ಒಂದೂ ಇಲ್ಲ. ಅಷ್ಟು ದೂರ ಹೋಗಿ ಕೋಟೆ ಗೋಡೆನ ಹೊರಗಿಂದ ಮುಟ್ಟಿ ಬಂದ್ವಿ. ಬೇಲೂರಿಗೆ ಹೋಗಿ ಬಸ್ ಸ್ಟ್ಯಾಂಡಲ್ಲಿ ಕಾಫಿ ಕುಡಿದು ವಾಪಸ್ ಬಂದಂಗಾಯ್ತು. ಎರಡನೇ ಸಲ, ಮದುವೆ ಆಗಿ ಹತ್ತು ವರ್ಷ ಆಯ್ತು ಅನ್ನೋ ನೆಪದಲ್ಲಿ ಹೋದಾಗ ಎಲ್ಲಾ ಉಲ್ಟಾ ಮಾಡಿದ್ವಿ, ಅದೇ ಸರಿ ದಾರಿ ಅಂತ ಈಗ ಧೈರ್ಯವಾಗಿ ಹೇಳ್ತೀನಿ.

ಅಂದ್ರೆ ಗ್ರನಾಡಾ ಪ್ಲಾನ್ ಶುರುವಾಗೋದು ಫ್ಲೈಟಿಂದ ಅಲ್ಲ, ಒಂದು ಅರ್ಧ ಗಂಟೆ ಸ್ಲಾಟಿಂದ. ಅಲ್ಹಾಂಬ್ರಾ ಅನ್ನೋದು ಒಂದು ಕಟ್ಟಡ ಅಲ್ಲ, ಗುಡ್ಡದ ಮೇಲಿನ ಇಡೀ ಒಂದು ಕೋಟೆ-ಊರು, 1238ರಲ್ಲಿ ಗ್ರನಾಡಾ ಆಳಿದ ನಸ್ರೀದ್ ಅನ್ನೋ ಮುಸ್ಲಿಂ ವಂಶದ ಮೊದಲ ಸುಲ್ತಾನ ಮೊಹಮ್ಮದ್ ಕಟ್ಟೋಕೆ ಶುರು ಮಾಡಿದ್ದು. ಅದ್ರೊಳಗೆ ಎಲ್ಲರೂ ಬಾಯ್ಬಿಟ್ಕೊಂಡು ನೋಡೋ ನಸ್ರೀದ್ ಅರಮನೆಗಳಿಗೆ ಮಾತ್ರ ಟಿಕೆಟ್ ಮೇಲೆ ಟೈಮ್ ಬರೆದಿರುತ್ತೆ. ಆ ಅರ್ಧ ಗಂಟೆ ಒಳಗೆ ಬಾಗಿಲು ದಾಟ್ಬೇಕು, ತಪ್ಪಿದ್ರೆ ಹೋಯ್ತು, ಯಾರ ಕೈಕಾಲು ಹಿಡಿದ್ರೂ ಬಿಡಲ್ಲ. ಒಳಗೆ ಹೋದ್ಮೇಲೆ ಎಷ್ಟು ಹೊತ್ತು ಬೇಕಾದ್ರೂ ಇರಬಹುದು. ಟಿಕೆಟ್ ನಿಮ್ಮ ಹೆಸರಲ್ಲಿ ಇರುತ್ತೆ, ಪಾಸ್‌ಪೋರ್ಟ್ ತೋರಿಸ್ಬೇಕು, ಹಾಗಾಗಿ ಬುಕ್ ಮಾಡುವಾಗ ಹೆಸರು, ನಂಬರ್ ಪಾಸ್‌ಪೋರ್ಟಲ್ಲಿ ಇದ್ದಂಗೇ ಟೈಪ್ ಮಾಡಿ. ಟಿಕೆಟ್ ಬೆಲೆ ದೊಡ್ಡದೇನಲ್ಲ, 20 ಯೂರೋ ಆಸುಪಾಸು. ಅಲ್ಹಾಂಬ್ರಾ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆಯ ಸೈಟಲ್ಲೇ ತಗೊಳ್ಳಿ, ಹುಡುಕಿದ ತಕ್ಷಣ ಮೇಲೆ ಬರೋ ಬೇರೆ ಸೈಟುಗಳು ಅದನ್ನೇ ಎರಡು ಮೂರು ಪಟ್ಟು ಬೆಲೆಗೆ ಮಾರ್ತಾವೆ. ಅಲ್ಲಿ ಖಾಲಿ ಅಂದ್ರೆ ಗ್ರನಾಡಾ ಕಾರ್ಡ್ ಅಂತ ಊರಿನ ಪಾಸ್ ಒಂದಿದೆ, ಅದ್ರಲ್ಲೂ ಅಲ್ಹಾಂಬ್ರಾ ಸೇರಿರುತ್ತೆ, ಅದನ್ನ ನೋಡಿ. ಅದೂ ಇಲ್ವಾ, ಲೈಸೆನ್ಸ್ ಇರೋ ಗೈಡ್ ಜೊತೆ ಹೋಗೋ ಟೂರ್.

ಯಾವ ಸ್ಲಾಟ್? ನನ್ ಪ್ರಕಾರ ಬೆಳಗ್ಗೆ 8:30ರದ್ದೇ, ಗೇಟ್ ತೆಗೆಯೋ ಹೊತ್ತಿಂದು. ರಜಾ ದಿನ ಬೇಗ ಏಳ್ಬೇಕಾ ಅಂತ ಮುಖ ಸಿಂಡರಿಸ್ಬೇಡಿ, ಸಿಂಹದ ಅಂಗಳದಲ್ಲಿ ಹನ್ನೆರಡು ಕಲ್ಲಿನ ಸಿಂಹ ಕಾರಂಜಿನ ಹೊತ್ಕೊಂಡು ನಿಂತಿರೋದು, ಅದರ ಸುತ್ತ ಜನ ಇಲ್ಲದೇ ಬರೀ ನೀರಿನ ಸದ್ದು ಕೇಳೋದು, ಅದು ಹನ್ನೊಂದು ಗಂಟೆಗೆ ಹೋದವ್ರಿಗೆ ಸಿಗಲ್ಲ. ಇನ್ನೊಂದು ಆಸೆ ಇದ್ರೆ ರಾತ್ರಿ ಟಿಕೆಟ್ ಬೇರೆ ಸಿಗುತ್ತೆ, ಏಪ್ರಿಲಿಂದ ಅಕ್ಟೋಬರ್ ಮಧ್ಯದವರೆಗೆ ಮಂಗಳವಾರದಿಂದ ಶನಿವಾರ, ಚಳಿಗಾಲದಲ್ಲಿ ಶುಕ್ರ-ಶನಿ ಮಾತ್ರ. ವೀಕೆಂಡಿಗೆ ಹೇಳಿ ಮಾಡಿಸಿದಂಗಿದೆ. ನಾವು ಶುಕ್ರವಾರ ರಾತ್ರಿ ಒಂದು ಸಲ, ಶನಿವಾರ ಬೆಳಗ್ಗೆ ಒಂದು ಸಲ ಹೋದ್ವಿ, ಹೆಂಡ್ತಿ "ಅದೇ ಜಾಗಕ್ಕೆ ಎರಡೆರಡು ಸಲ ದುಡ್ಡಾ" ಅಂದ್ಲು, ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಅವಳೇ ರಾತ್ರಿದೇ ಚೆನ್ನಾಗಿತ್ತು ಅಂದ್ಲು.

ಯಾವ ತಿಂಗಳು ಅನ್ನೋದು ಸುಲಭ. ಏಪ್ರಿಲ್ ಕೊನೆ, ಮೇ, ಇಲ್ಲಾಂದ್ರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಜುಲೈ ಆಗಸ್ಟಲ್ಲಿ ಮಧ್ಯಾಹ್ನ ರಾಯಚೂರು ಬಿಸಿಲು ನೆನಪಾಗುತ್ತೆ. ಊರು 700 ಮೀಟರ್ ಎತ್ತರದಲ್ಲಿ ಇರೋದ್ರಿಂದ ಚಳಿಗಾಲದಲ್ಲಿ ಚೆನ್ನಾಗೇ ಕೊರೆಯುತ್ತೆ. ಈಸ್ಟರ್ ವಾರ ಮೆರವಣಿಗೆ ನೋಡೋ ಆಸೆ ಇದ್ರೆ ಹೋಗಿ, ಆದ್ರೆ ಹೋಟ್ಲು ರೇಟ್ ನೋಡಿ ಬೇಜಾರಾಗ್ಬೇಡಿ.

ಟಿಕೆಟ್ ಕೈಗೆ ಬಂತಾ, ಈಗ ಹೋಟ್ಲು. ದುಡ್ಡು ಸುರಿಯೋದೇ ಆದ್ರೆ ಇಲ್ಲಿ ಸುರೀರಿ, ಬೇರೆ ಎಲ್ಲೂ ಬೇಡ. ಸ್ಪೇನಲ್ಲಿ ಪರಾದೋರ್ ಅಂತ ಸರ್ಕಾರಿ ಹೋಟ್ಲುಗಳಿವೆ, 1928ರಿಂದ ನಡೀತಿವೆ, ನಮ್ಮ ಮಯೂರ ಹೋಟ್ಲುಗಳ ಥರ ಅನ್ಕೊಳ್ಳಿ, ಆದ್ರೆ ಇವು ಎಷ್ಟೋ ಕಡೆ ಹಳೇ ಕೋಟೆ, ಮಠ, ಅರಮನೆ ಒಳಗೇ ಇರ್ತವೆ. ಗ್ರನಾಡಾದ ಪರಾದೋರ್ ಅಲ್ಹಾಂಬ್ರಾ ಗೋಡೆ ಒಳಗೇ ಇದೆ. ನಸ್ರೀದರ ಅರಮನೆ ಇದ್ದ ಜಾಗದಲ್ಲಿ ಕಟ್ಟಿದ ಸೇಂಟ್ ಫ್ರಾನ್ಸಿಸ್ ಮಠ ಅದು, 1504ರಲ್ಲಿ ತೀರ್ಕೊಂಡ ಸ್ಪೇನಿನ ರಾಣಿ ಇಸಾಬೆಲ್‌ನ ಮೊದಲು ಹೂತಿದ್ದೂ ಇಲ್ಲೇ, 1521ರಲ್ಲಿ ಕೆಳಗೆ ಊರಿನ ರಾಯಲ್ ಚಾಪೆಲಿಗೆ ಸಾಗಿಸಿದ್ರು. ಬರೀ 40 ರೂಮು, ಸೀಸನಲ್ಲಿ ರಾತ್ರಿಗೆ 300 ಯೂರೋ ದಾಟೋದು ಮಾಮೂಲು. ರೂಮೇನೋ ಚೆನ್ನಾಗಿದೆ, ಆದ್ರೆ ಆ ರೇಟಿಗೆ ದುಬೈಯಲ್ಲಿ ಇದಕ್ಕಿಂತ ದೊಡ್ಡ ಬಾತ್‌ರೂಮ್ ಸಿಗುತ್ತೆ. ನೀವು ದುಡ್ಡು ಕೊಡ್ತಿರೋದು ಸಂಜೆ ಗೇಟ್ ಮುಚ್ಚಿ ಅಷ್ಟೂ ಜನ ಗುಡ್ಡ ಇಳಿದು ಹೋದ್ಮೇಲೆ ಕೋಟೆ ಬೀದಿಲಿ ನೀವಿಬ್ಬರೇ ನಡ್ಕೊಂಡು ಹೋಗೋದಕ್ಕೆ. ಒಂದು ಎಚ್ಚರ, ಇಲ್ಲಿ ಉಳ್ಕೊಂಡ್ರೆ ಅರಮನೆ ಟಿಕೆಟ್ ಫ್ರೀ ಅಂತ ತುಂಬಾ ಜನ ಅನ್ಕೋತಾರೆ, ಇಲ್ಲ, ಅದು ಬೇರೆನೇ.

ಪರಾದೋರ್ ಸಿಗ್ಲಿಲ್ಲ ಅಂದ್ರೆ ಕೋಟೆ ಗುಡ್ಡದ ಮೇಲೇ 1910ರ ಅಲ್ಹಾಂಬ್ರಾ ಪ್ಯಾಲೇಸ್ ಹೋಟ್ಲಿದೆ, ಅದರ ಟೆರೇಸಿಂದ ಇಡೀ ಊರು ಅಂಗೈಲಿ ಇಟ್ಟಂಗೆ ಕಾಣುತ್ತೆ. ಮೂರನೇ ದಾರಿ ಎದುರುಗಡೆ ಗುಡ್ಡ, ಅಲ್ಬೈಸಿನ್, ಮುಸ್ಲಿಂ ಸುಲ್ತಾನರ ಕಾಲದ ಹಳೇ ಕೇರಿ. ಅಲ್ಲಿ 'ಕಾರ್ಮೆನ್' ಅಂದ್ರೆ ಹುಡುಗಿ ಹೆಸರಲ್ಲ, ಎತ್ತರದ ಗೋಡೆ ಒಳಗೆ ತೋಟ ಇರೋ ಮನೆ. ಅಂಥ ಹಳೇ ಮನೆಗಳಲ್ಲಿ ಕೆಲವು ಈಗ ಹೋಟ್ಲಾಗಿವೆ, ಬುಕ್ ಮಾಡುವಾಗ ಅಲ್ಹಾಂಬ್ರಾ ಕಾಣೋ ರೂಮೇ ಬೇಕು ಅಂತ ಬರೆದು ಕನ್ಫರ್ಮ್ ಮಾಡಿಸ್ಕೊಳ್ಳಿ. ಬರೀ 'ವ್ಯೂ' ಅಂದ್ರೆ ಪಕ್ಕದ ಮನೆ ಹಂಚೂ ವ್ಯೂನೇ.

ತಲುಪೋದು ಹೇಗೆ. ನಾವು ಜರ್ಮನಿಲಿ ಇರೋದ್ರಿಂದ ಮಾಲಗಾಗೆ ಫ್ಲೈಟ್, ಅಲ್ಲಿಂದ ಸುಮಾರು 130 ಕಿಲೋಮೀಟರ್, ಟ್ಯಾಕ್ಸಿ ಮೊದಲೇ ಹೇಳಿಟ್ರೆ ಒಂದೂವರೆ ಗಂಟೆ, ಬಸ್ಸೂ ಇದೆ. ಮ್ಯಾಡ್ರಿಡಿಂದ ಬರೋವ್ರಿಗೆ ಹೈಸ್ಪೀಡ್ ರೈಲು ಮೂರೂವರೆ ಗಂಟೆ ಹತ್ರ ತಗೊಳ್ಳುತ್ತೆ, ಕಿಟಕಿ ಆಚೆ ಮುಗಿಯದ ಆಲಿವ್ ತೋಟ. ಬಾಡಿಗೆ ಕಾರು ಮಾತ್ರ ಬೇಡ ಕಣ್ರೀ, ಹಳೇ ಊರಿನ ರಸ್ತೆಗಳಿಗೆ ಕ್ಯಾಮೆರಾ ಹಾಕಿದ್ದಾರೆ, ಹೋಟ್ಲಿನವ್ರು ನಿಮ್ಮ ನಂಬರ್ ಕೊಟ್ಟು ಪರ್ಮಿಷನ್ ತಗೊಂಡಿಲ್ಲ ಅಂದ್ರೆ ಫೈನ್ ಮನೆಗೇ ಬರುತ್ತೆ. ಬೆಂಗ್ಳೂರಿಂದ ಬರೋವ್ರು ಎರಡು ರಾತ್ರಿಗೆ ಅಂತಾನೇ ಅಷ್ಟು ದೂರ ಬರಲ್ಲ ಬಿಡಿ, ಮ್ಯಾಡ್ರಿಡ್-ಬಾರ್ಸಿಲೋನಾ ಟ್ರಿಪ್ಪಿನ ಕೊನೆಗೆ ಇದನ್ನ ಅಂಟಿಸ್ಕೊಳ್ಳಿ, ಷೆಂಗೆನ್ ವೀಸಾಗೆ 90 ಯೂರೋ, ಜೊತೆಗೆ 30,000 ಯೂರೋ ಕವರ್ ಇರೋ ಇನ್ಶೂರೆನ್ಸ್. ಮತ್ತೆ ಟ್ಯಾಕ್ಸಿಯವನಿಗೆ 'ಅಲ್-ಹಾಂಬ್ರಾ' ಅನ್ಬೇಡಿ, ಸ್ಪ್ಯಾನಿಷಲ್ಲಿ ಹಕಾರ ನುಂಗಿಬಿಡ್ತಾರೆ, 'ಅಲಾಂಬ್ರಾ'.

ಶುಕ್ರವಾರ ಸಂಜೆ ಏನೂ ಇಟ್ಕೋಬೇಡಿ. ಸ್ನಾನ ಮಾಡಿ, ಪರಾದೋರ್ ಟೆರೇಸಲ್ಲಿ ಕೂತು ಎದುರಿಗಿರೋ ಹೆನೆರಾಲಿಫೆ ತೋಟ ನೋಡ್ತಾ ಏನಾದ್ರೂ ಕುಡೀರಿ (ಅಲ್ಲಿ ಉಳಿಯದವ್ರೂ ಕಾಫಿಗೆ ಅಂತ ಹೋಗಬಹುದು, ಗುಟ್ಟಿನ ವಿಷ್ಯ ಏನಲ್ಲ), ಆಮೇಲೆ ರಾತ್ರಿ ಟಿಕೆಟ್ ಇದ್ರೆ ಅರಮನೆ.

ಶನಿವಾರ ಬೆಳಗ್ಗೆ ಅರಮನೆ ಒಳಗೆ ಗಡಿಬಿಡಿ ಮಾಡ್ಬೇಡಿ. ಕಣ್ಣು ಮೊದಲು ಮೇಲೆ ಹೋಗುತ್ತೆ, ಇಬ್ಬರು ಸೋದರಿಯರ ಕೋಣೆ ಅಂತಾರೆ, ಅದರ ಚಾವಣಿ ಜೇನುಗೂಡಿನ ಥರ ಸಾವಿರಾರು ಗಾರೆ ತುಂಡು ಸೇರಿಸಿ ಮಾಡಿದ್ದು. ಆದ್ರೆ ಗೋಡೆನೂ ಓದ್ಬೇಕಾದ್ದು, ಅಕ್ಷರಶಃ. ಅದ್ರ ತುಂಬಾ ಅರಬ್ಬೀ ಬರಹ, 'ದೇವರೊಬ್ಬನೇ ಗೆಲ್ಲೋನು' ಅನ್ನೋ ನಸ್ರೀದರ ಮಾತು ಎಲ್ಲಿ ನೋಡಿದ್ರೂ. ಸಿಂಹಗಳ ಮೇಲಿನ ಕಲ್ಲಿನ ಬೋಗುಣಿ ಸುತ್ತ ಆಸ್ಥಾನ ಕವಿ ಇಬ್ನ್ ಜಮ್ರಕ್ ಬರೆದ ಪದ್ಯನೇ ಕೆತ್ತಿದ್ದಾರೆ. ಇದೆಲ್ಲ ಆಗಿದ್ದು ಹದಿನಾಲ್ಕನೇ ಶತಮಾನದಲ್ಲಿ, ಅಲ್ಲಿ ಬುಕ್ಕರಾಯ ತುಂಗಭದ್ರೆ ದಡದಲ್ಲಿ ವಿಜಯನಗರ ಆಳ್ತಿದ್ದ ಕಾಲದಲ್ಲೇ ಇಲ್ಲಿ ಸುಲ್ತಾನ ಐದನೇ ಮೊಹಮ್ಮದ್ ಸಿಂಹದ ಅಂಗಳ ಕಟ್ಟಿಸ್ತಿದ್ದ. ನೀರು ಎಲ್ಲಿಂದ ಬರುತ್ತೆ ಅಂತ ನಂಗೆ ತಲೆ ತಿಂತಿತ್ತು. ದಾರೋ ನದಿಗೆ ಆರು ಕಿಲೋಮೀಟರ್ ಮೇಲ್ಗಡೆ ಅಡ್ಡ ಹಾಕಿ ಕಾಲುವೆಲಿ ತಂದಿದ್ದಾರೆ, ಪಂಪಿಲ್ಲ, ಬರೀ ಇಳಿಜಾರು. ಹಂಪಿ ಕಲ್ಲಿನ ಕಾಲುವೆ ನೋಡಿದವ್ರಿಗೆ ಇದು ಬೇಗ ಮನಸ್ಸಿಗೆ ಹತ್ತುತ್ತೆ.

ಅಲ್ಲಿಂದ ಆಚೆ ಬಂದ್ರೆ ಚಕ್ರವರ್ತಿ ಐದನೇ ಕಾರ್ಲೋಸ್ ಕಟ್ಟಿಸಿದ ಅರಮನೆ, ಹೊರಗೆ ಚೌಕ, ಒಳಗೆ ನೋಡಿದ್ರೆ ಗುಂಡಗಿನ ಅಂಗಳ. ಕೆಲವ್ರು ಅದ್ಭುತ ಅಂತಾರೆ, ನಂಗೆ ಮಲ್ಲಿಗೆ ಚಪ್ಪರದ ಕೆಳಗೆ ಆನೆ ತಂದು ಕಟ್ಟಿದಂಗೆ ಕಾಣಿಸ್ತು. ಅದಕ್ಕೆ ಟಿಕೆಟ್ ಬೇಡ, ಅದ್ರಿಂದ ನಿಧಾನಕ್ಕೆ ನೋಡಿ. ಕೊನೆಗೆ ಹೆನೆರಾಲಿಫೆ, ಸುಲ್ತಾನರ ಬೇಸಿಗೆ ತೋಟ. ಅಲ್ಲಿ ಮೆಟ್ಟಿಲಿನ ಪಕ್ಕ ಕೈ ಹಿಡಿಯೋ ಕಟ್ಟೆ ಒಳಗೇ ನೀರು ಹರಿಯುತ್ತೆ, ಕೈ ಇಟ್ಕೊಂಡು ಇಳೀರಿ.

ಊಟ ಎರಡು ಗಂಟೆಗೆ. ಹನ್ನೆರಡೂವರೆಗೆ ಹಸಿವಾಯ್ತು ಅಂತ ಹೋದ್ರೆ ಅಡುಗೆಮನೆನೇ ತೆರೆದಿರಲ್ಲ, ರಾತ್ರಿನೂ ಒಂಬತ್ತು ಅಂದ್ರೆ ಅವ್ರಿಗೆ ಬೇಗ. ಗ್ರನಾಡಾದ ದೊಡ್ಡ ಖುಷಿ ಏನಂದ್ರೆ ಎಷ್ಟು ದುಬಾರಿ ಟ್ರಿಪ್ ಮಾಡಿದ್ರೂ ಇಲ್ಲಿ ಬಾರಲ್ಲಿ ಒಂದು ಡ್ರಿಂಕ್ ಹೇಳಿದ್ರೆ ಜೊತೆಗೆ ಒಂದು ತಟ್ಟೆ ತಪಾಸ್, ಅಂದ್ರೆ ಸಣ್ಣ ತಿಂಡಿ, ಪುಕ್ಕಟೆ ಬರುತ್ತೆ. ಸಸ್ಯಾಹಾರಿಗಳಿಗೆ ಮಾತ್ರ ಕಷ್ಟ ಇಲ್ಲೇ ಶುರು, ಆ ತಟ್ಟೇಲಿ ಏನು ಬರುತ್ತೋ ಅವ್ರಿಷ್ಟ. 'ಸಿನ್ ಕಾರ್ನೆ', ಮಾಂಸ ಬೇಡ, ಅಂದ್ರೆ ಮೀನು ತಂದಿಡ್ತಾರೆ, ಅವ್ರ ಲೆಕ್ಕದಲ್ಲಿ ಮೀನು ಮಾಂಸ ಅಲ್ಲ. 'ನಿ ಕಾರ್ನೆ, ನಿ ಹಮೋನ್, ನಿ ಪೆಸ್ಕಾದೋ, ನಿ ಆತೂನ್' (ಮಾಂಸ, ಹ್ಯಾಮ್, ಮೀನು, ಟ್ಯೂನಾ ಯಾವುದೂ ಬೇಡ) ಅಂತ ಪೂರ್ತಿ ಮಂತ್ರ ಹೇಳಿ. ಆಮೇಲೆ ದುಡ್ಡು ಕೊಟ್ಟೇ 'ಬೆರೆಂಹೆನಾಸ್ ಕೊನ್ ಮಿಯೆಲ್' ತರಿಸ್ಕೊಳ್ಳಿ, ತೆಳ್ಳಗೆ ಹೆಚ್ಚಿ ಕರಿದ ಬದನೇಕಾಯಿ ಮೇಲೆ ಕಬ್ಬಿನ ಕಪ್ಪು ಪಾಕ. ಬಾಯಿಗಿಟ್ಟ ತಕ್ಷಣ ನನ್ ಹೆಂಡ್ತಿ, ಅವ್ಳು ಸಾಗರದವ್ಳು, "ಇದು ಜೋನಿಬೆಲ್ಲ ಅಲ್ವೇನ್ರೀ" ಅಂದ್ಲು. ಹೌದು, ಹೆಚ್ಚು ಕಮ್ಮಿ ಅದೇ. ಎರಡು ಪ್ಲೇಟ್ ಆಯ್ತು. 'ಪಾಪಾಸ್ ಅ ಲೋ ಪೊಬ್ರೆ', ಬಡವರ ಆಲೂಗೆಡ್ಡೆ, ಅದೂ ಚೆನ್ನಾಗಿರುತ್ತೆ, ಮೊಟ್ಟೆ ಬೇಡ್ವಾದ್ರೆ ಮೊದಲೇ ಹೇಳಿ.

ಮಧ್ಯಾಹ್ನ ಮಲಗಿ. ಊರೇ ಮಲಗಿರುತ್ತೆ. ಎದ್ದು ಐದು ಗಂಟೆ ಮೇಲೆ ಹಮ್ಮಾಮ್, ಅಲ್ಹಾಂಬ್ರಾ ಬುಡದಲ್ಲೇ ಹಳೇ ಅರಬ್ ಸ್ನಾನಗೃಹದ ಥರ ಕಟ್ಟಿದ್ದಾರೆ, ಬಿಸಿ, ಬೆಚ್ಚಗೆ, ತಣ್ಣಗೆ ಅಂತ ಬೇರೆ ಬೇರೆ ಕೊಳ, ಆವಿ ಕೋಣೆ, ಒಂದೂವರೆ ಗಂಟೆ, ಬೇಕಾದ್ರೆ ಮಸಾಜ್. ಗಂಡಸ್ರು ಹೆಂಗಸ್ರು ಒಟ್ಟಿಗೇ, ಸ್ವಿಮ್ಮಿಂಗ್ ಡ್ರೆಸ್ ಕಡ್ಡಾಯ, ಜೋರಾಗಿ ಮಾತಾಡೋ ಹಾಗಿಲ್ಲ. ನಮ್ ಮನೆ ದೀಪಾವಳಿ ಎಣ್ಣೆಸ್ನಾನದ ಗಲಾಟೆ ನೋಡಿ ಬೆಳೆದವನಿಗೆ ಆ ಮೌನ ಸ್ವಲ್ಪ ವಿಚಿತ್ರ. ಇದಕ್ಕೂ ಮೊದಲೇ ಬುಕ್ಕಿಂಗ್ ಬೇಕು.

ಸೂರ್ಯ ಮುಳುಗೋ ಹೊತ್ತಿಗೆ ಎಲ್ಲಾರೂ ಅಲ್ಬೈಸಿನ್ ಗುಡ್ಡದ ಸಾನ್ ನಿಕೊಲಾಸ್ ಕಟ್ಟೆಗೆ ಓಡ್ತಾರೆ, ಕೆಂಪಾಗೋ ಅಲ್ಹಾಂಬ್ರಾ, ಹಿಂದೆ ಹಿಮ ಹೊತ್ತ ಸಿಯೆರ್ರಾ ನೆವಾದಾ ಬೆಟ್ಟಗಳು, ಮುಂದೆ ನಿಮಗಿಂತ ಎತ್ತರದವ್ರ ತಲೆಗಳು. ಅದರ ಪಕ್ಕದಲ್ಲೇ 2003ರಲ್ಲಿ ಶುರುವಾದ ಮಸೀದಿ ಇದೆ, ಅದರ ತೋಟಕ್ಕೆ ಯಾರು ಬೇಕಾದ್ರೂ ಹೋಗಬಹುದು, ಅದೇ ನೋಟ, ಕಾಲು ಭಾಗ ಜನ. ಇನ್ನೂ ಆರಾಮಾಗಿ ಬೇಕು ಅಂದ್ರೆ ಅಲ್ಬೈಸಿನ್ನಲ್ಲಿ ಕಾರ್ಮೆನ್ ಮನೆಗಳೇ ರೆಸ್ಟೋರೆಂಟ್ ಆಗಿವೆ, ಟೆರೇಸ್ ಟೇಬಲ್ ಬೇಕು ಅಂತ ಮೊದಲೇ ಹೇಳಿ, ಟೈಮ್ ಕೇಳಿದ್ರೆ ಆ ದಿನದ ಸೂರ್ಯಾಸ್ತ ನೋಡಿ ಅದಕ್ಕಿಂತ ಅರ್ಧ ಗಂಟೆ ಮುಂಚೆ. ಮೇ ತಿಂಗಳಲ್ಲಿ ಒಂಬತ್ತು ಗಂಟೆ ಮೇಲಾಗುತ್ತೆ, ಹಾಗಾಗಿ ಊಟದ ಟೈಮಿಗೂ ಸರಿ. ಆಮೇಲೆ ಸಕ್ರೊಮೊಂತೆ ಗುಡ್ಡದ ಗುಹೆಗಳಲ್ಲಿ ಜಿಪ್ಸಿಗಳ ಜಾಂಬ್ರಾ ಕುಣಿತ, ಬಿಳಿ ಸುಣ್ಣ ಬಳಿದ ಇಕ್ಕಟ್ಟು ಗುಹೆ, ಮೊಣಕಾಲಿಗೆ ತಾಗೋ ದೂರದಲ್ಲಿ ಹೆಜ್ಜೆ. ಅವ್ರ ಪೂರ್ವಿಕರು ನಮ್ಮ ಉತ್ತರ ಭಾರತದ ಕಡೆಯಿಂದ ಹೊರಟವ್ರು ಅನ್ನೋದು ಗೊತ್ತಿದ್ದು ನೋಡಿದ್ರೆ ಆ ಕೈ ತಿರುಗಿಸೋದು ಬೇರೆ ಥರನೇ ಕಾಣುತ್ತೆ. ಡಿನ್ನರ್ ಸೇರಿಸಿರೋ ಪ್ಯಾಕೇಜ್ ಬೇಡ, ಬರೀ ಶೋ ತಗೊಳ್ಳಿ.

ಚಪ್ಪಲಿ ವಿಷ್ಯ ಮರೆತಿದ್ದೆ. ಬೀದಿ ತುಂಬಾ ಕಪ್ಪು-ಬಿಳಿ ಉರುಟು ಕಲ್ಲು, ಹೀಲ್ಸ್ ಹಾಕಿದ್ರೆ ಕಾಲು ಉಳುಕೋದು ಗ್ಯಾರಂಟಿ. ಮೇಲೆ ಹೇಳಿದ ಹೊಸ ಚಪ್ಪಲಿ ಎರಡನೇ ಸಲ ಮನೇಲೇ ಉಳೀತು.

ಭಾನುವಾರ ಕೆಳಗಿನ ಊರಿಗೆ. ರಾಯಲ್ ಚಾಪೆಲಲ್ಲಿ ಅಮೃತಶಿಲೆ ಗೋರಿ ಭರ್ಜರಿಯಾಗಿದೆ, ಅದರ ಕೆಳಗೆ ಮೆಟ್ಟಿಲಿಳಿದು ಬಗ್ಗಿ ನೋಡಿದ್ರೆ ಬರೀ ಸೀಸದ ಪೆಟ್ಟಿಗೆಗಳು, 1492ರ ಜನವರಿ 2ಕ್ಕೆ ಈ ಊರನ್ನ ಗೆದ್ಕೊಂಡ ಇಸಾಬೆಲ್, ಫರ್ನಾಂದೋ ಅದ್ರೊಳಗೆ. ಚರ್ಚ್ ಹತ್ರ ಹೆಂಗಸ್ರು ರೋಸ್‌ಮೇರಿ ಕಡ್ಡಿ ಕೈಗೆ ತುರುಕ್ತಾರೆ, ಮುಟ್ಬೇಡಿ, ಮುಟ್ಟಿದ್ರೆ ಭವಿಷ್ಯ ಹೇಳಿ ದುಡ್ಡು ಕೇಳ್ತಾರೆ. ದೊಡ್ಡ ಅಂಗಡಿಗಳು ಭಾನುವಾರ ಮುಚ್ಚಿರ್ತವೆ, ಅದ್ರಿಂದ ಶಾಪಿಂಗ್ ಶನಿವಾರನೇ ಮುಗಿಸಿ. ಕೊಳ್ಳೋದಾದ್ರೆ 'ತರಸೆಯಾ', ಮರದಲ್ಲಿ ಬೇರೆ ಬೇರೆ ಬಣ್ಣದ ಮರ, ಮೂಳೆ ಕೂರಿಸಿ ಮಾಡೋ ಪೆಟ್ಟಿಗೆಗಳು. ನಮ್ ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸ ನೋಡಿದವ್ರಿಗೆ ಯಾವುದು ಕೈಯಲ್ಲಿ ಮಾಡಿದ್ದು, ಯಾವುದು ಮೇಲೆ ಅಂಟಿಸಿದ ಸ್ಟಿಕ್ಕರ್ ಅಂತ ಅಂಚು ನೋಡಿದ್ರೆ ಗೊತ್ತಾಗುತ್ತೆ. ಹೊರಡೋ ಮುಂಚೆ ಪಿಯೊನೊನೊ ಅನ್ನೋ ಪುಟ್ಟ ಸಿಹಿ ಒಂದು ಡಬ್ಬಿ ಕಟ್ಟಿಸ್ಕೊಳ್ಳಿ, ಪಕ್ಕದ ಸಾಂತಾ ಫೆ ಊರಿಂದು, ಒಂಬತ್ತನೇ ಪಯಸ್ ಪೋಪನ ಹೆಸರಿಟ್ಟಿದ್ದಾರೆ, ಒಳಗೆ ಮೊಟ್ಟೆ ಇದೆ. ನಾವು ಏರ್‌ಪೋರ್ಟಲ್ಲಿ ತಿನ್ನೋಣ ಅಂತ ತಗೊಂಡಿದ್ದು, ಟ್ಯಾಕ್ಸಿ ಇನ್ನೂ ಊರು ದಾಟಿರ್ಲಿಲ್ಲ, ಡಬ್ಬಿ ಖಾಲಿ.