ಸವಾರಿ ಕುದುರೆಯ ಕೀಲು ಹಿಡಿದಾಗ

ಬೆಂಗಳೂರಿನ ಸವಾರಿ ಶಾಲೆಗಳಲ್ಲಿ ರೇಸ್ ಬಿಟ್ಟು ಬಂದ ಓಟದ ತಳಿಯ ಕುದುರೆಗಳಾದ ಥರೋಬ್ರೆಡ್‌ಗಳು ಬಹಳ. ಎರಡು ವರ್ಷಕ್ಕೇ ಓಟಕ್ಕಿಳಿದ ಕಾಲುಗಳು ಹನ್ನೆರಡು ದಾಟುವ ಹೊತ್ತಿಗೆ ಕೀಲು ಸವೆಸಿಕೊಂಡಿದ್ದರೆ ಅಚ್ಚರಿಯಿಲ್ಲ. ಸವೆದ ಮೃದ್ವಸ್ಥಿ ಮೊದಲಿನಂತಾಗುವುದಿಲ್ಲ. ಆದರೂ ದಿನಚರಿ ಸರಿಪಡಿಸಿದರೆ ಅನೇಕ ಕುದುರೆಗಳು ಹಗುರ ಸವಾರಿಗೆ ವರ್ಷಗಟ್ಟಲೆ ಒದಗುತ್ತವೆ.

ಗುರುತು ಹೀಗಿರುತ್ತದೆ: ಬೆಳಿಗ್ಗೆ ಲಾಯದಿಂದ ಹೊರಬಂದಾಗ ಹೆಜ್ಜೆ ಗಿಡ್ಡ, ಹತ್ತು ನಿಮಿಷ ನಡೆದ ಮೇಲೆ ಸಲೀಸು. ಹಿಂಗಾಲಿನ ಲಾಳದ ತುದಿ ಬೇಗ ಸವೆಯುತ್ತದೆ. ಲಾಳ ಹೊಡೆಯುವವರಿಗೆ ಕಾಲು ಎತ್ತಿಕೊಡಲು ತಕರಾರು, ನಿಧಾನ ಓಟವಾದ ಕ್ಯಾಂಟರ್‌ನಲ್ಲಿ ಒಂದು ಕಡೆಯ ಲೀಡ್ (ಆ ಬದಿಯ ಮುಂಗಾಲು ಮುಂದಿಟ್ಟು ಓಡುವುದು) ಬೇಡವೆನ್ನುವುದು. ಸವಾರರು ಇದನ್ನು ಮೊಂಡುತನ ಅಂದುಕೊಂಡು ಕೋಲೆತ್ತುತ್ತಾರೆ. ಹಲವು ಸಲ ಅದು ಹಾಕ್ (ಹಿಂಗಾಲಿನ ನಡುವಿನ) ಕೀಲಿನ ನೋವು. ಕೀಲು ದಿಢೀರನೆ ಊದಿ, ಬಿಸಿಯಾಗಿ, ಕುದುರೆ ಕಾಲೂರದೇ ಹೋದರೆ ಮಾತ್ರ ಕಾಯಬೇಡಿ. ಸೋಂಕೋ ಮುರಿತವೋ ಇರಬಹುದು, ತಕ್ಷಣ ವೈದ್ಯರನ್ನು ಕರೆಸಿ.

ಕೀಲು ಹಿಡಿದ ಕುದುರೆಯನ್ನು ಲಾಯದಲ್ಲಿ ಕಟ್ಟಿ "ರೆಸ್ಟ್" ಕೊಡುವುದೇ ದೊಡ್ಡ ತಪ್ಪು. ನಿಂತಷ್ಟೂ ಕೀಲು ಬಿಗಿಯುತ್ತದೆ, ಅದನ್ನು ಹಿಡಿದಿಡುವ ಸ್ನಾಯು ಕರಗುತ್ತದೆ. ದಿನಕ್ಕೆ ಕೆಲವು ಗಂಟೆಯಾದರೂ ಬೇಲಿಯೊಳಗಿನ ಬಯಲಾದ ಪ್ಯಾಡಕ್‌ನಲ್ಲಿ ಬಿಡಿ; ಜಾಗವಿಲ್ಲದಿದ್ದರೆ ಸೈಸ್ (ಕುದುರೆ ನೋಡಿಕೊಳ್ಳುವವ) ಬೆಳಿಗ್ಗೆ, ಸಂಜೆ ಇಪ್ಪತ್ತಿಪ್ಪತ್ತು ನಿಮಿಷ ಕೈಯಲ್ಲಿ ಹಿಡಿದು ನಡೆಸಲಿ. ಸವಾರಿಗೆ ಮುನ್ನ 15ರಿಂದ 20 ನಿಮಿಷ ಸಡಿಲ ಲಗಾಮಿನಲ್ಲಿ ನೇರ ನಡಿಗೆ. ಆಮೇಲೆ 20 ಮೀಟರಿನ ದೊಡ್ಡ ವೃತ್ತಗಳಲ್ಲಿ ಟ್ರಾಟ್ (ನಡಿಗೆಗೂ ಓಟಕ್ಕೂ ನಡುವಿನ ಗತಿ). "ಬಿಸಿ ಮಾಡುವುದಕ್ಕೆ" ಅಂತ ಸಣ್ಣ ವೃತ್ತದಲ್ಲಿ ಲಂಜ್ ಮಾಡಿಸುವ (ಉದ್ದ ಹಗ್ಗದಲ್ಲಿ ಸುತ್ತು ಹಾಕಿಸುವ) ಅಭ್ಯಾಸ ಬಿಟ್ಟುಬಿಡಿ. ಅಲ್ಲಿ ಕೀಲಿನ ಒಂದೇ ಬದಿಗೆ ಭಾರ ಬಿದ್ದು, ಕುದುರೆ ತಿರುಚಿಕೊಂಡೇ ಕೆಲಸ ಶುರುಮಾಡುತ್ತದೆ. ಸ್ನಾಯು ಕಟ್ಟಲು ನೆಲದ ಮೇಲೆ ನಾಲ್ಕು ಕಂಬಗಳನ್ನು 80ರಿಂದ 90 ಸೆಂಟಿಮೀಟರ್ ಅಂತರದಲ್ಲಿಟ್ಟು ನಡೆಸಿ; ಕಾಲು ತಾನಾಗಿ ಎತ್ತಿಡುತ್ತದೆ. ಕಾಲು ಹೂತುಹೋಗುವ ಮರಳೂ ಬೇಡ, ಡಾಂಬರಿನ ಮೇಲೆ ಟ್ರಾಟೂ ಬೇಡ.

ಇನ್ನು ತೂಕ. ಎದೆಸುತ್ತಳತೆಯ ವರ್ಗವನ್ನು ದೇಹದ ಉದ್ದದಿಂದ (ಭುಜದ ತುದಿಯಿಂದ ಪೃಷ್ಠದ ತುದಿವರೆಗೆ) ಗುಣಿಸಿ 11,880ರಿಂದ ಭಾಗಿಸಿ. ಸುತ್ತಳತೆ 180, ಉದ್ದ 165 ಸೆಂಟಿಮೀಟರ್ ಇದ್ದರೆ 450 ಕಿಲೋ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಗೆ ಸಿಗಬೇಕು. ಕೆಲಸ ಅರ್ಧಕ್ಕಿಳಿದರೂ ಹುರುಳಿ, ಓಟ್ಸ್ ಹಳೆಯ ಅಳತೆಯಲ್ಲೇ ಬೀಳುತ್ತಿರುವುದು ನಮ್ಮ ಲಾಯಗಳ ಮಾಮೂಲಿ ಕಥೆ. ಮೊದಲು ಕಾಳು ಇಳಿಸಿ, ಹುಲ್ಲು ಉಳಿಸಿ. ಕೀಲಿಗೆಂದು ಮಾರುವ ಗ್ಲುಕೋಸಮಿನ್ ಪುಡಿಯ ಡಬ್ಬಿಗೆ ಸುರಿಯುವ ದುಡ್ಡು ಲಾಳಕ್ಕೆ ಖರ್ಚಾದರೆ ಮೇಲು: ಆರು ವಾರ ಮೀರದಂತೆ ಗೊರಸು ತಿದ್ದಿಸಿ. ಗೊರಸಿನ ತುದಿ ಉದ್ದ ಬೆಳೆದಷ್ಟೂ ಕಾಲು ಮಗುಚಿ ಏಳುವುದು ತಡವಾಗಿ ಕೀಲಿನ ಮೇಲೆ ಎಳೆತ ಹೆಚ್ಚುತ್ತದೆ. ಮುಂತುದಿ ಉರುಟಾಗಿಸಿದ ಲಾಳ ಅದನ್ನು ತಗ್ಗಿಸುತ್ತದೆ.

ಔಷಧ ವೈದ್ಯರದ್ದೇ. ನೋವುನಿವಾರಕ ಫಿನೈಲ್‌ಬ್ಯುಟಜೋನ್ ಸಾಮಾನ್ಯವಾಗಿ ಕಿಲೋ ತೂಕಕ್ಕೆ 2.2 ಮಿಲಿಗ್ರಾಂ, ದಿನಕ್ಕೆರಡು ಸಲ. 450 ಕಿಲೋ ಕುದುರೆಗೆ ಪ್ರತಿ ಸಲ ಸುಮಾರು 1 ಗ್ರಾಂ, ಬಳಿಕ ಇಳಿಕೆ. ಜೊತೆಗೆ ಅದೇ ಬಗೆಯ ಇನ್ನೊಂದು ಔಷಧ ಫ್ಲುನಿಕ್ಸಿನ್ ಸೇರಿಸಿದರೆ ಹೊಟ್ಟೆ ಹುಣ್ಣು, ಕರುಳು ಮತ್ತು ಮೂತ್ರಪಿಂಡದ ಹಾನಿ. ಮೆಡಿಕಲ್ ಶಾಪಿನ ನೋವುನಿವಾರಕ ಡೈಕ್ಲೋಫೆನಾಕ್ ಕಡೆ ನೋಡಲೇಬೇಡಿ. ಅದನ್ನು ಕೊಟ್ಟಿದ್ದ, ಸತ್ತ ಪಶುಗಳನ್ನು ತಿಂದ ರಣಹದ್ದುಗಳು ಅಳಿಯುತ್ತ ಬಂದಿದ್ದರಿಂದ 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದು ನಿಷೇಧವಾಯಿತು, 2023ರಲ್ಲಿ ಅದೇ ಬಗೆಯ ಕೀಟೊಪ್ರೊಫೆನ್ ಕೂಡ. ರಾಮನಗರದ ಬೆಟ್ಟದಲ್ಲಿ ಉಳಿದಿರುವ ಹದ್ದುಗಳು ನಮ್ಮ ಪಕ್ಕದವೇ. ನೋವಿನ ಮಾತ್ರೆ ಕೊಟ್ಟ ದಿನ ಕುದುರೆ ಚೆನ್ನಾಗಿ ನಡೆದರೆ ಜಿಗಿತ ಹಾಕಿಸಬೇಡಿ. ಮಾತ್ರೆ ಮುಚ್ಚಿರುವುದು ನೋವನ್ನು, ಸವೆತವನ್ನಲ್ಲ.

ಕೆಲಸ ಎಷ್ಟು ಎಂಬುದಕ್ಕೆ ಮರುದಿನದ ಬೆಳಗೇ ಅಳತೆಗೋಲು. ಲಾಯದಿಂದ ಹೊರಡುವಾಗ ನಿನ್ನೆಗಿಂತ ಹೆಚ್ಚು ಬಿಗಿದಿದ್ದರೆ ನಿನ್ನೆಯ ಕೆಲಸ ಜಾಸ್ತಿಯಾಗಿದೆ. ಅಂದು ನಡಿಗೆ ಮಾತ್ರ, ನಾಳೆ ಟ್ರಾಟ್ ಅರ್ಧ.